ಬಿಳಿ ಕಣಗಳನ್ನು ನಂಬಿದ ಮಳೆಗಾಲ

ಈ ಸಲದ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಕುದ್ರೋಳಿಯ ನಮ್ಮ ಓಣಿಯಲ್ಲಿ ಮತ್ತೆ ಆ ವಾಸನೆ ಹಬ್ಬಿತ್ತು. ಹಾಲೆ ಮರದ ತೊಗಟೆಯನ್ನು ಬೆಳ್ಳುಳ್ಳಿ, ಓಮ, ಕರಿಮೆಣಸಿನ ಜೊತೆ ಅರೆದು ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಅದರೊಳಗೆ ಹಾಕಿದಾಗ ಏಳುವ ಕಹಿ ವಾಸನೆ ಅದು. ಆ ದಿನ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಕುಡಿದರೆ ವರ್ಷವಿಡೀ ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎಂಬುದು ತುಳುವರ ನಂಬಿಕೆ. ಪಕ್ಕದ ಮನೆಯ ಹೊಸ ಸೊಸೆ ಲೋಟದ ಮೇಲೆ ತಟ್ಟೆ ಮುಚ್ಚಿಕೊಂಡು ಬಂದಳು.

"ಕುಡೀರಿ ಅಕ್ಕ. ಇಮ್ಯುನಿಟಿಗೆ ಒಳ್ಳೇದಂತೆ."

"ನನಗೆ ಅದು ಇರುವುದೇ ಹೆಚ್ಚಾಗಿದೆ ಮಾರಾಯ್ತಿ" ಎಂದೆ.

ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಅವಳು ನಕ್ಕಳು. ನಾನೂ ನಕ್ಕೆ. ಆದರೆ ಹೇಳಿದ್ದು ಅಕ್ಷರಶಃ ನಿಜ. ಆ ನಿಜವನ್ನು ಒಪ್ಪಿಕೊಳ್ಳಲು ನನಗೆ ಒಂದು ಇಡೀ ಮಳೆಗಾಲ ಬೇಕಾಯಿತು.

ಅದು ಮೂರು ವರ್ಷದ ಹಿಂದಿನ ಮಳೆ. ಕೊರೊನಾ ಹಾವಳಿ ತಗ್ಗಿದ್ದರೂ ಇಮ್ಯುನಿಟಿ ಎಂಬ ಪದ ಮಾತ್ರ ಅಡುಗೆಮನೆಗಳಲ್ಲಿ ಉಳಿದುಕೊಂಡಿತ್ತು. ನಾನು ಊರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಹದಿನಾಲ್ಕು ವರ್ಷ ಒಂದೇ ಮೇಜು, ಒಂದೇ ಸೂಕ್ಷ್ಮದರ್ಶಕ. ರಕ್ತದ ಬಿಳಿ ಕಣಗಳನ್ನು ಎಣಿಸುವುದು, ಮೂತ್ರದಲ್ಲಿ ಏನೇನಿದೆ ಎಂದು ನೋಡಿ ಬರೆಯುವುದು ನನ್ನ ಕೆಲಸ. ಹೇಳಿಕೊಳ್ಳಲು ನಾಚಿಕೆಯಾಗುವ ಕೆಲಸ ಎಂದು ನನ್ನ ನಾದಿನಿಗೆ ಅನಿಸುತ್ತಿತ್ತು; ಮದುವೆ ಮನೆಗಳಲ್ಲಿ ಅವಳು ನನ್ನನ್ನು "ಆಸ್ಪತ್ರೆಯಲ್ಲಿ ಇದ್ದಾಳೆ" ಎಂದಷ್ಟೇ ಪರಿಚಯಿಸುತ್ತಿದ್ದಳು. ನನಗೆ ಮಾತ್ರ ಆ ಕೆಲಸ ಇಷ್ಟ. ಅದರಲ್ಲೂ ಬಿಳಿ ಕಣಗಳ ಬಗ್ಗೆ ಒಂದು ಬಗೆಯ ಅಭಿಮಾನವೇ ಇತ್ತು. ಎಲ್ಲಿ ಗಾಯವೋ, ಎಲ್ಲಿ ಕೀವೋ, ಅಲ್ಲಿಗೆ ಕರೆಯದೆ ಓಡುವ ಜೀವಕೋಶಗಳು. ಮನುಷ್ಯರಲ್ಲಿ ಅಂಥವರು ಅಪರೂಪ ಎಂದು ಅಂದುಕೊಳ್ಳುತ್ತಿದ್ದೆ.

ಜೂನಿನಲ್ಲಿ ಮಳೆ ಹಿಡಿದ ವಾರವೇ ನನ್ನ ಕಾಲು ಊದತೊಡಗಿತು. ಸಂಜೆ ಚಪ್ಪಲಿ ಬಿಚ್ಚಿದರೆ ಪಟ್ಟಿಯ ಗುರುತು ಗುಳಿಬಿದ್ದು ಕಾಣುತ್ತಿತ್ತು. ಬೆರಳ ಗಂಟುಗಳಲ್ಲಿ ನೋವು. ಮುಖದ ಎರಡೂ ಕೆನ್ನೆಗೆ ಕೆಂಪು. ದಿನವಿಡೀ ನಿಂತಿರುತ್ತೇನೆ, ಅದಕ್ಕೇ ಕಾಲು ಊದಿದೆ ಎಂದುಕೊಂಡೆ. ಬೆರಳಿನದ್ದು ಮಳೆಗಾಲದ ಶೀತ. ಕೆನ್ನೆಯದ್ದು ಹೊಸ ಸೋಪು. ಬೇರೆಯವರಾರಾದರೂ ಇದನ್ನೇ ಹೇಳಿದ್ದರೆ ಮೊದಲು ಡಾಕ್ಟರಲ್ಲಿಗೆ ಹೋಗಿ ಎಂದು ಗದರಿಸುತ್ತಿದ್ದೆ. ಮೂತ್ರ ನೊರೆ ನೊರೆಯಾಗಿ ಬಂದ ದಿನ ಮಾತ್ರ ಒಳಗೊಳಗೇ ಹೆದರಿಕೆ ಹುಟ್ಟಿತು.

ಯಾರಿಗೂ ಹೇಳದೆ ನನ್ನದೇ ಮೂತ್ರವನ್ನು ನಾನೇ ಪರೀಕ್ಷಿಸಿದೆ. ಬಣ್ಣದ ಪಟ್ಟಿ ಅದ್ದಿದರೆ ಪ್ರೋಟೀನಿನ ಚೌಕ ಕಡುಹಸಿರಾಯಿತು. ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ನೋಡಿದಾಗ ಅಂಚಿನಲ್ಲಿ ಸಿಕ್ಕಿತು ಒಂದು ಕಾಸ್ಟ್. ಮೂತ್ರಪಿಂಡದ ಸೂಕ್ಷ್ಮ ನಳಿಗೆಯೊಳಗೆ ಕೆಂಪು ರಕ್ತಕಣಗಳು ಪ್ರೋಟೀನಿನ ಅಂಟಿನಲ್ಲಿ ಸಿಕ್ಕಿಬಿದ್ದು, ಆ ನಳಿಗೆಯದೇ ಆಕಾರದಲ್ಲಿ ಸೇಮಿಗೆಯ ತುಂಡಿನ ಹಾಗೆ ಹೊರಗೆ ಬರುತ್ತವೆ. ಅದಕ್ಕೆ ಕಾಸ್ಟ್ ಎನ್ನುತ್ತೇವೆ. ಅದು ಕಂಡಿತೆಂದರೆ ರಕ್ತ ಸೋಸುವ ಜಾಗದಲ್ಲೇ ಉರಿಯೂತ ಆಗಿದೆ ಎಂದು ಅರ್ಥ. ಅಂಥದ್ದನ್ನು ಕಂಡರೆ ಫೋನ್ ಮಾಡಿ ವಾರ್ಡಿಗೆ ತಿಳಿಸಬೇಕೆಂಬುದು ನಮ್ಮ ಲ್ಯಾಬಿನ ನಿಯಮ. ಹದಿನಾಲ್ಕು ವರ್ಷದಲ್ಲಿ ನಾನು ಎಷ್ಟೋ ಸಲ ಹಾಗೆ ಫೋನ್ ಮಾಡಿದ್ದೆ. ನಾನು ಹಾಗೆ ತಿಳಿಸಿದ ರೋಗಿಗಳ ಪೈಕಿ ಕೆಲವರು ಮುಂದೆ ವಾರಕ್ಕೆ ಮೂರು ದಿನ ನಮ್ಮ ಪಕ್ಕದ ಡಯಾಲಿಸಿಸ್ ಕೋಣೆಗೆ ಬರುತ್ತಿದ್ದರು. ಕೈಯಲ್ಲಿ ಬ್ಯಾಂಡೇಜು, ಚೀಲದಲ್ಲಿ ಬಿಸ್ಕೆಟು. ಅವರ ಮುಖಗಳೆಲ್ಲ ನನಗೆ ಗೊತ್ತಿದ್ದವು. ಆ ಸಾಲಿನಲ್ಲಿ ನನ್ನನ್ನು ಕಲ್ಪಿಸಿಕೊಳ್ಳಲು ನನ್ನಿಂದ ಆಗಲಿಲ್ಲ.

ಆಮೇಲೆ ನಾನು ಮಾಡಿದ ಮೂರ್ಖತನವನ್ನು ಲ್ಯಾಬಿನವರಲ್ಲದೆ ಇನ್ಯಾರೂ ಮಾಡಲು ಸಾಧ್ಯವಿಲ್ಲ. ಮೂತ್ರವನ್ನು ಎರಡು ಗಂಟೆಯೊಳಗೆ ನೋಡಬೇಕು. ಹೆಚ್ಚು ಹೊತ್ತು ಇಟ್ಟರೆ, ಅದರಲ್ಲೂ ಸೆಕೆಯಲ್ಲಿ ಇಟ್ಟರೆ, ಕಾಸ್ಟ್‌ಗಳು ಒಡೆದು ಕರಗಿಹೋಗುತ್ತವೆ. ಇದನ್ನು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ನಾನೇ ಪಾಠ ಹೇಳುತ್ತಿದ್ದೆ. ಮರುದಿನದಿಂದ ನನ್ನ ಬಾಟ್ಲಿಯನ್ನು ಹೆಸರು ಬರೆಯದೆ ಕಿಟಕಿಯ ಪಕ್ಕ, ಬಿಸಿ ಕಾರುವ ಯಂತ್ರದ ಹಿಂದೆ ಇಡತೊಡಗಿದೆ. ಬೆಳಗಿನ ಗದ್ದಲ ಮುಗಿಯಲಿ, ಆಮೇಲೆ ನೋಡುವಾ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಕಾಸ್ಟ್ ಇಲ್ಲ. ಇಲ್ಲವಲ್ಲ, ಮೊದಲ ದಿನ ಕಂಡದ್ದು ಬಟ್ಟೆಯ ನೂಲಿರಬೇಕು ಎಂದು ನಿರಾಳವಾಗಿ ಕೈ ತೊಳೆಯುತ್ತಿದ್ದೆ. ಹೀಗೆ ಮೂರು ವಾರ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಯಾರಿಗೂ ಕಾಣುವುದಿಲ್ಲ ಎಂದುಕೊಳ್ಳುತ್ತದಂತೆ; ನಾನು ಕಣ್ಣು ತೆರೆದುಕೊಂಡೇ ಅದನ್ನು ಮಾಡಿದೆ.

ನಮ್ಮ ಲ್ಯಾಬಿನ ಹಿರಿಯರು ಲಿಗೋರಿ ಸರ್. ಕೊಂಕಣಿ ಕ್ರಿಶ್ಚಿಯನ್ನರು, ನಿವೃತ್ತಿಗೆ ಒಂದು ವರ್ಷ ಬಾಕಿ ಇತ್ತು. ಸಲಿಗೆ ಬಂದಾಗ ನನ್ನನ್ನು ಬಾಯೆ, ಅಂದರೆ ಮಗಳೇ, ಎನ್ನುತ್ತಿದ್ದರು. ನಿಯಮವೆಂದರೆ ನಿಯಮ ಎನ್ನುವ ಮನುಷ್ಯ. ಹೆಸರಿಲ್ಲದ ಬಾಟ್ಲಿ ಕಂಡರೆ ಎರಡನೇ ಮಾತಿಲ್ಲದೆ ಸಿಂಕಿಗೆ ಸುರಿದು, ಅದನ್ನು ಕಳಿಸಿದ ವಾರ್ಡಿನ ನರ್ಸಿಗೆ ಫೋನಿನಲ್ಲೇ ಮಂಗಳಾರತಿ ಎತ್ತುತ್ತಿದ್ದರು. ಜುಲೈ ಮೊದಲ ವಾರದ ಒಂದು ಬೆಳಿಗ್ಗೆ ಜೋರು ಮಳೆ. ನಾನು ಬಾಟ್ಲಿ ಇಟ್ಟು, ರಕ್ತದ ಸ್ಯಾಂಪಲ್ ತೆಗೆದುಕೊಳ್ಳಲು ಹೊರಗೆ ಹೋಗಿದ್ದೆ. ಕಿಟಕಿಯಿಂದ ಇರಚಲು ಬಡಿಯುತ್ತಿದೆ ಎಂದು ಸರ್ ಕಿಟಕಿ ಹಾಕಲು ಹೋಗಿದ್ದಾರೆ. ಯಂತ್ರದ ಹಿಂದೆ ನನ್ನ ಬಾಟ್ಲಿ ಕಂಡಿದೆ.

ನಾನು ಒಳಗೆ ಬಂದಾಗ ಅವರು ನನ್ನ ಕುರ್ಚಿಯಲ್ಲಿ ಕೂತು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿದ್ದರು. ತಲೆ ಎತ್ತದೆ ಕೇಳಿದರು.

"ಇದು ಯಾರದ್ದು ಶಶಿ?"

"ಯಾವುದು ಸರ್?"

"ಹೆಸರಿಲ್ಲದ್ದು. ರೆಡ್ ಸೆಲ್ ಕಾಸ್ಟ್ ಉಂಟು. ಒಂದಲ್ಲ, ರಾಶಿ ಉಂಟು."

ನಾನು ಕೈಯಲ್ಲಿದ್ದ ರಕ್ತದ ಸ್ಯಾಂಪಲ್‌ಗಳನ್ನು ಸ್ಟ್ಯಾಂಡಿಗೆ ಜೋಡಿಸತೊಡಗಿದೆ. ಹೊರಗೆ ಮಳೆಯ ಸದ್ದು.

"ಎಸೀಲಿಕ್ಕೆ ಅಂತಲೇ ಎತ್ತಿದ್ದು ನಾನು. ಯಂತ್ರ ಇನ್ನೂ ಆನ್ ಮಾಡ್ಲಿಲ್ಲ, ಆದರೂ ಕೈಗೆ ಬೆಚ್ಚಗೆ ತಾಗಿತು. ವಾರ್ಡಿಂದ ಬರುವುದು ಇಲ್ಲಿ ಮುಟ್ಟುವಾಗ ತಣ್ಣಗಾಗಿರ್ತದೆ. ಬೆಚ್ಚಗೆ ಉಂಟು ಅಂದ್ರೆ ಈ ರೂಮಿನವರದ್ದೇ" ಎಂದು ಹೇಳಿ ಆಮೇಲೆ ನನ್ನ ಮುಖ ನೋಡಿದರು. "ನಿನ್ನ ಕಾಲು ಊದಿದ್ದು ನಾನು ನೋಡಿದ್ದೇನೆ ಬಾಯೆ. ಕೇಳಲಿಲ್ಲ. ಅದು ನನ್ನ ತಪ್ಪು."

ತಪ್ಪು ಮಾಡಿದವಳು ನಾನು, ತಪ್ಪು ಒಪ್ಪಿಕೊಂಡವರು ಅವರು. ನನಗೆ ಅಲ್ಲೇ ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ. ಇಂಟರ್‌ಕಾಮ್ ಎತ್ತಿ ಕಿಡ್ನಿ ಡಾಕ್ಟರಿಗೆ ಫೋನ್ ಮಾಡಿದರು. "ಮೇಡಂ, ಒಂದು ಸ್ಲೈಡ್ ನೋಡ್ಲಿಕ್ಕುಂಟು. ಈಗಲೇ ಬನ್ನಿ, ಕರಗುವ ಮೊದಲು."

ಅವತ್ತು ಸಂಜೆ ಡ್ಯೂಟಿ ಮುಗಿಸಿ ಮನೆಗೆ ಹೋಗದೆ ಗಂಡನ ಬಸ್ಸು ಹತ್ತಿದೆ. ಹರೀಶ ತೊಕ್ಕೊಟ್ಟು ರೂಟಿನ ಸಿಟಿ ಬಸ್ಸಿನ ಡ್ರೈವರ್. ಅವನ ಹಿಂದಿನ ಸೀಟಿನಲ್ಲಿ ಕೂತು ನೇತ್ರಾವತಿ ದಾಟಿದೆ. ಹೊಳೆ ಕೆಂಪಾಗಿ ತುಂಬಿಕೊಂಡಿತ್ತು. ತೊಕ್ಕೊಟ್ಟಿನಲ್ಲಿ ಜನ ಇಳಿದ ಮೇಲೆ ಎಲ್ಲವನ್ನೂ ಹೇಳಿದೆ, ಮೂರು ವಾರದ ಕಳ್ಳಾಟವನ್ನೂ ಸೇರಿಸಿ. ಅವನು ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡೇ ಕೇಳಿಸಿಕೊಂಡ.

"ನಾಳೆ ನಾನು ರಜೆ ಹಾಕ್ತೇನೆ. ಈಗ ನೀನು ಇಲ್ಲೇ ಕೂತ್ಕೊ, ಇನ್ನೊಂದು ಟ್ರಿಪ್ ಉಂಟು. ಒಟ್ಟಿಗೆ ಹೋಗುವ" ಎಂದ. ಬೈಯುತ್ತಾನೆಂದು ಕಾದಿದ್ದೆ. ಈ ಹೊತ್ತಿಗೂ ಬೈದಿಲ್ಲ.

ಬಯಾಪ್ಸಿಗೆ ಬೆನ್ನಿನ ಕಡೆಯಿಂದ ಸೂಜಿ ಹಾಕಿ ಮೂತ್ರಪಿಂಡದ ಎಳೆಯಷ್ಟು ಚೂರು ತೆಗೆದರು. ನಾಲ್ಕು ದಿನದ ಮೇಲೆ ಡಾಕ್ಟರ್ ಮೇಡಂ ನನ್ನನ್ನು ಮೇಲಿನ ಮಹಡಿಗೆ ಕರೆದು, ಎರಡು ಕಡೆಯಿಂದ ನೋಡಬಹುದಾದ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ನನಗಿಂತ ಚಿಕ್ಕವರು. ರೋಗಿಗೆ ಹೇಳುವಂತೆ ಹೇಳದೆ, ಜೊತೆಯಲ್ಲಿ ಕೆಲಸ ಮಾಡುವವಳಿಗೆ ಹೇಳುವಂತೆ ಹೇಳಿದರು. ಅದಕ್ಕೆ ಅವರಿಗೆ ಎಷ್ಟು ಕೃತಜ್ಞಳಾದರೂ ಸಾಲದು.

ಒಂದೊಂದು ಮೂತ್ರಪಿಂಡದಲ್ಲೂ ಲಕ್ಷಗಟ್ಟಲೆ ಜರಡಿಗಳಿರುತ್ತವೆ. ಒಂದೊಂದು ಜರಡಿಯೂ ಕೂದಲಿಗಿಂತ ಸಪೂರದ ರಕ್ತನಾಳಗಳು ಸುತ್ತಿಕೊಂಡಿರುವ ಉಂಡೆ. ನನ್ನ ಜರಡಿಗಳ ತುಂಬ ಬಿಳಿ ಕಣಗಳು ನೆರೆದಿದ್ದವು. ಎಸಳು ಎಸಳಾದ ಕೋಶಕೇಂದ್ರದ ನ್ಯೂಟ್ರೋಫಿಲ್‌ಗಳು, ಕಂಡದ್ದನ್ನೆಲ್ಲ ನುಂಗುವ ದೊಡ್ಡ ಮ್ಯಾಕ್ರೋಫೇಜ್‌ಗಳು, ಸುತ್ತ ಲಿಂಫೋಸೈಟ್‌ಗಳು. ಹದಿನಾಲ್ಕು ವರ್ಷದಿಂದ ನಾನು ಎಣಿಸಿ ಎಣಿಸಿ ಮೆಚ್ಚಿಕೊಂಡವರೇ. ಅಲ್ಲಿ ಗಾಯವೂ ಇರಲಿಲ್ಲ, ರೋಗಾಣುವೂ ಇರಲಿಲ್ಲ. ಲೂಪಸ್ ಎಂಬ ಆ ಕಾಯಿಲೆಯಲ್ಲಿ ಒಂದು ಬಗೆಯ ಬಿಳಿ ಕಣಗಳು ದಾರಿ ತಪ್ಪಿ ನಮ್ಮದೇ ಜೀವಕೋಶದ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತವೆ. ಆ ಪ್ರತಿಕಾಯಗಳು ರಕ್ತದಲ್ಲಿ ತೇಲಿ ಬಂದು ಜರಡಿಯಲ್ಲಿ ಕೂರುತ್ತವೆ. ಇಲ್ಲೇನೋ ಆಗಿದೆ ಎಂದು ಉಳಿದ ಬಿಳಿ ಕಣಗಳಿಗೆ ಕರೆ ಹೋಗುತ್ತದೆ. ಬಂದ ಕಣಗಳು ರೋಗಾಣುವಿನ ಮೇಲೆ ಎರಚಬೇಕಾದ ರಾಸಾಯನಿಕವನ್ನು ಜರಡಿಯ ಮೇಲೆ ಎರಚುತ್ತವೆ, ಮತ್ತಷ್ಟು ಕಣಗಳನ್ನು ಕರೆಯುತ್ತವೆ. ಜರಡಿ ಹರಿದು ಪ್ರೋಟೀನೂ ರಕ್ತವೂ ಸೋರುತ್ತವೆ. ಗಾಯ ಒಣಗಿದಲ್ಲಿ ಗಟ್ಟಿ ಕಲೆ ಉಳಿಯುತ್ತದೆ, ಆ ಜರಡಿ ಮತ್ತೆಂದೂ ಸೋಸುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಎಂದುಕೊಂಡೆ.

"ಕೆಲವು ಹೋಗಿ ಆಗಿದೆ" ಎಂದರು ಮೇಡಂ. "ಅವು ವಾಪಸ್ ಬರುವುದಿಲ್ಲ. ಉಳಿದವನ್ನು ಉಳಿಸುವ."

"ಮೂರು ವಾರ ಮೊದಲೇ ಬಂದಿದ್ರೆ?"

ಅವರು ಸ್ಲೈಡನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟರು. "ಅದನ್ನು ಹೇಳ್ಲಿಕ್ಕೆ ನನಗೆ ಆಗುವುದಿಲ್ಲ. ಇನ್ನು ಮೂರು ವಾರ ತಡ ಆಗಿದ್ರೆ ಎಂತ ಆಗ್ತಿತ್ತು ಅಂತ ಮಾತ್ರ ಗೊತ್ತುಂಟು."

ಮೂರು ದಿನ ಡ್ರಿಪ್ಪಿನಲ್ಲಿ ಸ್ಟೀರಾಯ್ಡ್ ಹೋಯಿತು. ಆಮೇಲೆ ಮಾತ್ರೆಗಳು, ಬಿಳಿ ಕಣಗಳ ಅಬ್ಬರ ಇಳಿಸುವಂಥವು. ಜನ ಹೆಚ್ಚಿರುವಲ್ಲಿ ಹೋಗಬೇಡಿ, ಜ್ವರ ಬಂದರೆ ಕೂಡಲೇ ತಿಳಿಸಿ, ಉಪ್ಪು ಕಮ್ಮಿ ಎಂದರು. ಮಳೆಗಾಲದ ಮಂಗಳೂರಿನಲ್ಲಿ ಒಣಮೀನು, ಹಪ್ಪಳ, ಉಪ್ಪಿನಕಾಯಿ ಬಿಟ್ಟರೆ ಗಂಜಿಗೆ ಇನ್ನೇನಿದೆ? ಪಕ್ಕದ ಮನೆಯಲ್ಲಿ ಒಣ ಸಿಗಡಿ ಹುರಿಯುವಾಗ ನಾನು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಸ್ಟೀರಾಯ್ಡಿನಿಂದ ಮುಖ ಚಂದ್ರನಂತೆ ದುಂಡಗಾಯಿತು. ಓಣಿಯವರು "ಶಶಿ ಈಗ ತುಂಬಿಕೊಂಡಿದ್ದಾಳೆ, ಚಂದ ಕಾಣ್ತಾಳೆ" ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇನ್ನು ಮಾಮಿ. ನನ್ನ ಅತ್ತೆಯನ್ನು ನಾನು ತುಳುವಿನಲ್ಲಿ ಕರೆಯುವುದು ಹಾಗೆ. ನಲವತ್ತು ವರ್ಷ ಬೀಡಿ ಕಟ್ಟಿದ ಹೆಂಗಸು. ಓದು ಐದನೇ ಕ್ಲಾಸು, ಹಟ ಮಾತ್ರ ಡಬಲ್ ಡಿಗ್ರಿಯದ್ದು. ಆಸ್ಪತ್ರೆಯಲ್ಲಿ ಹೇಳಿದ ಮಾತುಗಳಲ್ಲಿ ಅವರ ಕಿವಿಗೆ ಬಿದ್ದದ್ದು ಒಂದೇ: ಈ ಮಾತ್ರೆಯಿಂದ ಇಮ್ಯುನಿಟಿ ಇಳಿಯುತ್ತದೆ. ಇಳಿದದ್ದನ್ನು ಏರಿಸುವುದು ಮನೆಯವರ ಧರ್ಮವಲ್ಲವೇ? ಆಟಿ ಅಮಾವಾಸ್ಯೆಗೆ ಹಾಲೆಯ ಕಷಾಯ ಕುಡಿಸಿದರು. ಅಷ್ಟಕ್ಕೇ ನಿಲ್ಲಿಸದೆ ಮರುದಿನದಿಂದ ಅಮೃತಬಳ್ಳಿ ತಂದು ಜಜ್ಜಿ ಕುದಿಸಿ, ದಿನಾ ಬೆಳಿಗ್ಗೆ ಒಂದು ಲೋಟ ನನ್ನ ಮುಂದೆ ಇಡುತ್ತಿದ್ದರು. ಕುಡಿದು ಮುಗಿಯುವವರೆಗೆ ಎದುರಿಗೇ ನಿಂತಿರುತ್ತಿದ್ದರು.

ಬೇಡ ಎನ್ನಬೇಕೆಂದು ನನಗೆ ಗೊತ್ತಿತ್ತು. ಆದರೆ ಆ ಬಳ್ಳಿಗಾಗಿ ಅವರು ನೆಟ್ಟಗಿಲ್ಲದ ಮಂಡಿ ಎಳೆದುಕೊಂಡು, ಮಳೆಯಲ್ಲಿ ಪರಿಚಯದವರ ಹಿತ್ತಿಲು ಹಿತ್ತಿಲು ಅಲೆಯುತ್ತಿದ್ದರು. ನಾನು ಕುಡಿದೆ. ಡಾಕ್ಟರಿಗೆ ಹೇಳಲಿಲ್ಲ. ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದವಳು ಎರಡನೇ ಸಲವೂ ಅದನ್ನೇ ಮಾಡಿದೆ. ಈ ಸಲ ಹೆದರಿಕೆಯಿಂದಲ್ಲ, ಪ್ರೀತಿಗೆ ಎದುರಾಡಲಾರದೆ. ಮೂತ್ರಪಿಂಡಕ್ಕೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಸೆಪ್ಟೆಂಬರ್ ತಪಾಸಣೆಯಲ್ಲಿ ಕಾಸ್ಟ್‌ಗಳು ಕಮ್ಮಿಯಾಗಬೇಕಿತ್ತು, ಆಗಿರಲಿಲ್ಲ. ಅದರ ಮೇಲೆ ಲಿವರ್ ಪರೀಕ್ಷೆಯೂ ಏರಿತ್ತು. ಮೇಡಂ ಪೆನ್ನು ಕೆಳಗಿಟ್ಟು, "ಬೇರೆ ಎಂತ ತೆಗೊಳ್ತಾ ಇದ್ದೀರಿ?" ಎಂದು ಕೇಳಿದರು. ಹೇಳಿದೆ. ಅವರು ಸಿಟ್ಟಾಗಲಿಲ್ಲ, ದಣಿದವರ ಹಾಗೆ ಕುರ್ಚಿಗೆ ಒರಗಿದರು. "ನಾವು ಇಲ್ಲಿಂದ ಯಾವ ಬಿಳಿ ಕಣಗಳನ್ನು ಮಲಗಿಸ್ಲಿಕ್ಕೆ ನೋಡ್ತೇವೋ ಅವನ್ನೇ ಮನೆಯಲ್ಲಿ ಎಬ್ಬಿಸಿದ್ರೆ ಹೇಗೆ? ಲಿವರಿಗೂ ಅದರಿಂದ ಪೆಟ್ಟಾಗಿರಬಹುದು. ಇವತ್ತೇ ನಿಲ್ಲಿಸಿ. ಡಿಸೆಂಬರ್ ತನಕ ನೋಡುವ. ಆಗಲೂ ಕಾಸ್ಟ್ ಇದ್ರೆ ಇನ್ನೂ ಜೋರಿನ ಔಷಧಿಗೆ ಹೋಗಬೇಕು. ಅದೂ ಕೇಳದಿದ್ರೆ..." ಎಂದು ಗೋಡೆಯ ಕಡೆ ನೋಡಿದರು. ಆ ಗೋಡೆಯ ಆಚೆಗೆ ಡಯಾಲಿಸಿಸ್ ಕೋಣೆ.

ಮಾಮಿಗೆ ಇದನ್ನು ಹೇಗೆ ಹೇಳುವುದು? ನಾನು ಎರಡು ದಿನ ಒದ್ದಾಡಿ, ಕೊನೆಗೆ ಲಿಗೋರಿ ಸರ್ ಬಳಿ ಹೇಳಿಕೊಂಡೆ. ಮೂರನೇ ದಿನ ನನಗೆ ಬುತ್ತಿ ಕೊಡಲು ಅವರೇ ಲ್ಯಾಬಿಗೆ ಬಂದರು. ಬಾಗಿಲಲ್ಲೇ ನಿಂತಿದ್ದವರನ್ನು ಲಿಗೋರಿ ಸರ್ ಒಳಗೆ ಕರೆದರು. ಹೊರಗಿನವರನ್ನು ಒಳಗೆ ಬಿಡಬಾರದೆಂಬ ಬೋರ್ಡು ಬರೆಸಿದವರೇ ಅವರು.

"ಬನ್ನಿ ಅಮ್ಮ. ನಿಮ್ಮ ಸೊಸೆಯ ಕಿಡ್ನಿಯಲ್ಲಿ ಎಂತ ಆಗ್ತಾ ಉಂಟು ಅಂತ ನೋಡಿ."

ಅವತ್ತು ಬೆಳಗಿನ ನನ್ನ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಮಾಮಿ ಮೊದಲು ತಪ್ಪು ಕಣ್ಣು ಮುಚ್ಚಿಕೊಂಡು, ಏನೂ ಕಾಣುವುದಿಲ್ಲ ಎಂದರು. ಆಮೇಲೆ ಕಂಡಿತು. ಬೀಡಿಯ ಎಲೆಯಲ್ಲಿ ನೂಲಿನಷ್ಟು ಸೀಳನ್ನೂ ಹಿಡಿಯುತ್ತಿದ್ದ ಕಣ್ಣುಗಳು ಅವು.

"ಈ ಉದ್ದದ್ದು ಎಂತ?"

"ಅವಳ ರಕ್ತ. ಸೋರಿ ಬಂದದ್ದು."

"ಈ ದೊಡ್ಡ ದೊಡ್ಡ ಗುಂಡಗಿನವು?"

"ಬಿಳಿ ಕಣ. ಜ್ವರ ಬಂದ್ರೆ ನಮ್ಮನ್ನು ಕಾಯುವುದು ಅವೇ. ಈಗ ಶಶಿಯ ಕಿಡ್ನಿಯನ್ನು ಹರೀತಾ ಇರುವುದೂ ಅವೇ. ಇಮ್ಯುನಿಟಿ ಇಮ್ಯುನಿಟಿ ಅಂತಾರಲ್ಲ, ಇದೇ ಅದು."

ಮಾಮಿ ಇನ್ನೊಮ್ಮೆ ಕಣ್ಣಿಟ್ಟು ನೋಡಿ ತಲೆ ಎತ್ತಿದರು.

"ಅಂದ್ರೆ ಸರ್, ನಾನು ಇಷ್ಟು ದಿನ ಕಷಾಯ ಕುಡಿಸಿದ್ದು ಇವಕ್ಕಾ?"

ನಾನು ಮಾಮಿಯ ಕೈ ಹಿಡಿದುಕೊಂಡೆ. ಗೊತ್ತಿದ್ದೂ ಕುಡಿದದ್ದು ನಾನು, ತಪ್ಪು ನನ್ನದು ಎಂದೆ. "ನೀನು ಸುಮ್ಮನಿರು" ಎಂದು ಗದರಿಸಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಬುತ್ತಿ ಮೇಜಿನ ಮೇಲಿಟ್ಟು ಹೊರಟುಹೋದರು. ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ಬಳ್ಳಿಯ ಚೂರೂ ಇರಲಿಲ್ಲ. ಅಂದಿನಿಂದ ನನ್ನ ಮಾತ್ರೆಗಳ ಜವಾಬ್ದಾರಿ ಅವರದ್ದಾಯಿತು. ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ ಮಾತ್ರೆ ಅಂಗೈಯಲ್ಲಿಟ್ಟುಕೊಂಡು ಬರುತ್ತಿದ್ದರು. ನುಂಗಿದ ಮೇಲೆ ಬಾಯಿ ತೆರೆದು ತೋರಿಸಬೇಕಿತ್ತು. ನನ್ನ ದಾಖಲೆ ನೋಡಿದರೆ ಅವರ ಸಂಶಯದಲ್ಲಿ ತಪ್ಪೇನಿಲ್ಲ.

ಮಳೆ ಹಿಂದೆ ಸರಿಯಿತು. ದಸರಾಕ್ಕೆ ಕುದ್ರೋಳಿಯ ರಸ್ತೆಗಳು ದೀಪದಿಂದ ತುಂಬಿದಾಗ ನಾನು ಮಾಸ್ಕ್ ಹಾಕಿಕೊಂಡು ನಮ್ಮ ಮೆಟ್ಟಿಲಲ್ಲೇ ಕೂತು ನೋಡಿದೆ. ಹರೀಶ ಪಕ್ಕದಲ್ಲಿ ಕೂತಿದ್ದ. ಹೋಗಿ ಬಾ ಎಂದರೂ ಹೋಗಲಿಲ್ಲ. ಕಾಲಿನ ಊತ ಇಳಿದಿತ್ತು. ಇಳಿದದ್ದನ್ನು ನಂಬಲು ನನಗೆ ಧೈರ್ಯ ಬರುತ್ತಿರಲಿಲ್ಲ.

ಡಿಸೆಂಬರಿನ ಆ ಬೆಳಿಗ್ಗೆ ಬಾಟ್ಲಿಯನ್ನು ಲಿಗೋರಿ ಸರ್ ಕೈಗೇ ಕೊಟ್ಟೆ. "ನೀವೇ ನೋಡಿ ಸರ್. ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಇಲ್ಲ" ಎಂದೆ. ಅವರು ಅದನ್ನು ಯಂತ್ರದಲ್ಲಿ ತಿರುಗಿಸಿ, ಮೇಲಿನದ್ದನ್ನು ಚೆಲ್ಲಿ, ತಳದ ಹನಿಯನ್ನು ಗಾಜಿಗೆ ಹಾಕಿದರು. ಕಾಸ್ಟ್‌ಗಳು ಅಂಚಿಗೆ ಸೇರುತ್ತವೆ; ಅವರು ನಾಲ್ಕೂ ಅಂಚು ನೋಡಿದರು. ಇನ್ನೊಂದು ಹನಿ ಹಾಕಿ ಮತ್ತೆ ನಾಲ್ಕೂ ಅಂಚು ನೋಡಿದರು. ನಾನು ಸಿಂಕಿನ ಬಳಿ ನಿಂತು, ತೊಳೆದಿಟ್ಟಿದ್ದ ಗಾಜಿನ ನಳಿಗೆಗಳನ್ನೇ ಮತ್ತೆ ತೊಳೆದೆ. ಕೊನೆಗೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಶಶಿ, ಬರೀಲಿಕ್ಕೆ ಎಂತದೂ ಇಲ್ಲ."

ಮನೆಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಮಾಮಿ ಎತ್ತಿದರು. ಒಂದೂ ಕಾಸ್ಟ್ ಇಲ್ಲ ಮಾಮಿ, ರಕ್ತ ಸೋರುವುದು ನಿಂತಿದೆ ಎಂದೆ. ಆ ಕಡೆಯಿಂದ, ಗಂಡ ತೀರಿಕೊಂಡ ದಿನವೂ ಜನರ ಎದುರು ಅಳದ ಆ ಹೆಂಗಸು ದೊಡ್ಡ ದನಿಯಲ್ಲಿ ಅಳುವುದು ಕೇಳಿಸಿತು. ನಾನು ಫೋನ್ ಇಡದೆ ಕೇಳಿಸಿಕೊಂಡೆ. ಅಷ್ಟು ಚೆನ್ನಾಗಿ ನನಗಾಗಿ ಯಾರೂ ಅತ್ತಿರಲಿಲ್ಲ.

ನಾನು ಪೂರ್ತಿ ಗುಣವಾದೆ ಎಂದಲ್ಲ. ಹೋದ ಜರಡಿಗಳು ಹೋದವೇ. ಮಾತ್ರೆ ಇನ್ನೂ ಇದೆ, ಬಿಳಿ ಕಣಗಳು ಯಾವಾಗ ಬೇಕಾದರೂ ಮತ್ತೆ ಏಳಬಹುದು. ಆದರೂ ಆ ವರ್ಷವನ್ನು ನೆನೆದರೆ ನನಗೆ ದುಃಖಕ್ಕಿಂತ ಮೊದಲು ಬರುವುದು ಕೃತಜ್ಞತೆ. ಉಳಿದ ಜರಡಿಗಳು ಸದ್ದಿಲ್ಲದೆ ಸೋಸುತ್ತಿವೆ, ಲಿಗೋರಿ ಸರ್, ಡಾಕ್ಟರ್ ಮೇಡಂ, ಮಾಮಿ ಈ ಮೂವರು ನನ್ನ ಮೂರ್ಖತನಕ್ಕೆ ಬೇಸರಪಡದೆ ಅವನ್ನು ಉಳಿಸಿಕೊಟ್ಟಿದ್ದಾರೆ.

ಅವತ್ತು ಫೋನ್ ಇಟ್ಟು ಬರುವಷ್ಟರಲ್ಲಿ ಲಿಗೋರಿ ಸರ್ ನನ್ನ ವರದಿಗೆ ಸಹಿ ಹಾಕಿ, ಕುರ್ಚಿ ಬಿಟ್ಟು ಎದ್ದಿದ್ದರು. "ಕೂತ್ಕೊ. ಬಾಕಿ ಉಂಟು ಕೆಲಸ" ಎಂದರು. ಕೈಗವಸು ಹಾಕಿಕೊಂಡು ಸಾಲಿನಲ್ಲಿದ್ದ ಮುಂದಿನ ಬಾಟ್ಲಿ ಎತ್ತಿಕೊಂಡೆ. ಕಾಟಿಪಳ್ಳದ ಯಾರೋ ಹೆಂಗಸು, ವಯಸ್ಸು ಇಪ್ಪತ್ತೊಂಬತ್ತು, ಕಾಲು ಊತ ಎಂದು ಚೀಟಿಯಲ್ಲಿ ಬರೆದಿತ್ತು. ಹನಿಯನ್ನು ಗಾಜಿಗೆ ಹಾಕಿ, ನಾಲ್ಕೂ ಅಂಚನ್ನು ಎರಡೆರಡು ಸಲ ನೋಡಿದೆ. ಆಮೇಲೆ ಫೋನ್ ಎತ್ತಿ ವಾರ್ಡಿನ ನಂಬರ್ ಒತ್ತಿದೆ.